ಹದಿನೇಳನೆಯ ಸಾಲು

ಆಲೂಗೆಡ್ಡೆಯ ಹೊಸ ತಳಿ ಹುಟ್ಟಿಸುವುದು ದೊಡ್ಡ ವಿದ್ಯೆಯೇನಲ್ಲ. ಗಿಡ ಕಾಯಿ ಕಟ್ಟಿದರೆ ಸಾಕು. ಹಸಿರು ಟೊಮೆಟೊದಂತೆ ಕಾಣುವ, ತಿನ್ನಬಾರದ ಆ ಕಾಯಿಯೊಳಗೆ ಸಣ್ಣ ಸಣ್ಣ ಬೀಜಗಳು ನೂರಾರು ಇರುತ್ತವೆ. ಗೆಡ್ಡೆ ನೆಟ್ಟರೆ ತಾಯಿಯ ಪಡಿಯಚ್ಚು ಬರುತ್ತದೆ. ಬೀಜ ಬಿತ್ತಿದರೆ ಒಂದೊಂದು ಸಸಿಯೂ ಒಂದೊಂದು ತಳಿ. ಅವುಗಳಲ್ಲಿ ಇಟ್ಟುಕೊಳ್ಳಲು ಯೋಗ್ಯವಾದದ್ದನ್ನು ಆರಿಸಲು ವರ್ಷಗಳು ಬೇಕು ನಿಜ. ಆದರೆ ನನ್ನ ಬೆವರಿಳಿಸಿದ್ದು, ಆರಿಸಿಕೊಂಡದ್ದು ಇಂಥದ್ದು ಎಂದು ಕಾಗದದ ಮೇಲೆ ಹೇಳುವ ಕೆಲಸ.

ಬೀಜ ನೀಲಗಿರಿಯ ಸ್ನೇಹಿತರೊಬ್ಬರ ತೋಟದ್ದು. ಹಾಸನದ ಕಡೆ ನಾವೆಲ್ಲ ಪಂಜಾಬಿನಿಂದ ಬರುವ ಬಿತ್ತನೆ ಗೆಡ್ಡೆಯನ್ನೇ ನಂಬಿದವರು, ಅದರಲ್ಲೂ 1968ರಲ್ಲಿ ಬಿಡುಗಡೆಯಾದ ಕುಫ್ರಿ ಜ್ಯೋತಿಯನ್ನು. ನನ್ನ ಸಸಿಗಳು ಮೊದಲ ವರ್ಷ ಗೋಲಿಯಷ್ಟು ಗೆಡ್ಡೆ ಕೊಟ್ಟವು. ಮೂರನೆಯ ವರ್ಷದ ಹೊತ್ತಿಗೆ ಒಂದೊಂದಕ್ಕೂ ಒಂದೊಂದು ಸಾಲು ಸಿಕ್ಕಿತ್ತು. ಆ ಸಲ ಪುನರ್ವಸು ಮಳೆ ಬಿಡದೆ ಹಿಡಿದು, ಅಂಗಮಾರಿ ರೋಗ ಹೊಲವನ್ನೆಲ್ಲ ಕಪ್ಪಾಗಿಸಿದಾಗ ಹದಿನೇಳನೆಯ ಸಾಲು ಹಸಿರಾಗಿಯೇ ನಿಂತಿತ್ತು. ಕೆಂಪು ಸಿಪ್ಪೆ, ಕೆನೆ ಬಣ್ಣದ ತಿರುಳು.

ಅದನ್ನು ನನ್ನ ತಳಿಯೆಂದು ನೋಂದಾಯಿಸಲು ಹೊರಟೆ. ಅದಕ್ಕಿರುವ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ 2001ರದ್ದು. ನೋಂದಣಿ ಮಾಡುವ ಪ್ರಾಧಿಕಾರದ ಶಾಖೆ ಶಿವಮೊಗ್ಗದಲ್ಲಿರುವುದರಿಂದ ಕೇಳಿಕೊಂಡು ಬರಲು ಮೊದಲು ಅಲ್ಲಿಗೇ ಹೋದೆ. ಎಕರೆಗೆ ಎಷ್ಟು ಮೂಟೆ, ಅಂಗಮಾರಿಗೆ ಎಷ್ಟು ತಡೆಯುತ್ತದೆ ಎಂದು ವರ್ಣನೆಯನ್ನು ಅಲ್ಲಿಂದಲೇ ಶುರುಮಾಡಿದ್ದೆ. ಕಾಯ್ದೆಗೆ ಅದು ಮುಖ್ಯವೇ ಅಲ್ಲ. ತಳಿ ಒಳ್ಳೆಯದೇ ಎಂದು ಅದು ಕೇಳುವುದಿಲ್ಲ. ಬೇರೆಯದೇ, ಎಲ್ಲ ಗಿಡಗಳೂ ಒಂದೇ ಸಮನಾಗಿವೆಯೇ, ಮುಂದಿನ ಬೆಳೆಯಲ್ಲೂ ಹಾಗೆಯೇ ಇರುತ್ತದೆಯೇ ಎಂದು ಕೇಳುತ್ತದೆ. ಗೆಡ್ಡೆಯಿಂದ ಬೆಳೆಯುವ ಬೆಳೆಗೆ ಕೊನೆಯ ಎರಡು ಅಷ್ಟೇನೂ ಕಷ್ಟವಲ್ಲ. ತೊಡಕಿರುವುದು ಮೊದಲನೆಯದರಲ್ಲಿ. ಕೆಂಪು ಸಿಪ್ಪೆಯ ಆಲೂಗೆಡ್ಡೆಗಳು ದೇಶದಲ್ಲಿ ಬೇಕಾದಷ್ಟಿವೆ.

ಅಲ್ಲಿ ಕೈಹಿಡಿದದ್ದು ಮೊಳಕೆ. ಮಂದ ಬೆಳಕಿನಲ್ಲಿ ವಾರಗಟ್ಟಲೆ ಇಟ್ಟ ಗೆಡ್ಡೆಯಲ್ಲಿ ಬರುವ ಗಿಡ್ಡ ಮೊಳಕೆ ತಳಿಯ ಹೆಬ್ಬೆಟ್ಟಿನ ಗುರುತಿದ್ದಂತೆ. ಅದು ಗುಂಡಗಿದೆಯೋ, ಶಂಕುವಿನಂತಿದೆಯೋ, ಕೊಳವೆಯಂತಿದೆಯೋ, ಬುಡದ ಬಣ್ಣದಲ್ಲಿ ನೀಲಿಯ ಪಾಲು ಎಷ್ಟು, ರೋಮ ದಟ್ಟವೋ ವಿರಳವೋ, ತುದಿ ಮುಚ್ಚಿಕೊಂಡಿದೆಯೋ ಅರಳಿದೆಯೋ, ಬೇರಿನ ಮೊನೆಗಳೆಷ್ಟು. ಇಪ್ಪತ್ತು ವರ್ಷ ಆಲೂಗೆಡ್ಡೆ ಬೆಳೆದ ನಾನು ಮೊಳಕೆಯನ್ನು ಬಂದಿದೆ, ಬಂದಿಲ್ಲ ಎಂಬುದಕ್ಕಿಂತ ಹೆಚ್ಚಾಗಿ ನೋಡಿಯೇ ಇರಲಿಲ್ಲ.

ಮೊದಲ ಸಲ ಗೆಡ್ಡೆಗಳನ್ನು ಕೊಟ್ಟಿಗೆಯ ಕಿಟಕಿಯ ಕೆಳಗೆ ಜೋಡಿಸಿದೆ. ಕಿಟಕಿಯ ಪಕ್ಕದವು ಮೊಂಡಾಗಿ ಹಸಿರಾದವು, ಮೂಲೆಯವು ಬಿಳಿ ದಾರದಂತೆ ಉದ್ದಕ್ಕೆ ಎಳೆದುಕೊಂಡವು. ಒಂದೇ ತಳಿಗೆ ಎರಡು ರೂಪ. ಎರಡನೆಯ ಸಲ ಹಳೆಯ ಮರದ ಪೆಟ್ಟಿಗೆಗೆ ಗೋಣಿ ಹೊದಿಸಿ, ಒಳಗೆ ಒಂದೇ ಮಂಕು ಬಲ್ಬು ಹಾಕಿ, ಹೋಲಿಕೆಗೆ ಕುಫ್ರಿ ಜ್ಯೋತಿಯನ್ನೂ ಮಂಡಿಯಲ್ಲಿ ಸಿಕ್ಕ ಎರಡು ಕೆಂಪು ತಳಿಗಳನ್ನೂ ಪಕ್ಕದಲ್ಲೇ ಇಟ್ಟೆ. ಸುಮಾರು ಹತ್ತು ವಾರಕ್ಕೆ ಭೂತಗನ್ನಡಿ ಹಿಡಿದು ನೋಡಿದರೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಆ ಎರಡು ಕೆಂಪು ತಳಿಗಳ ಮೊಳಕೆಯ ಬುಡ ಕೆಂಪಾಗಿಯೇ ಇತ್ತು, ನನ್ನದು ಕಡುನೀಲಿ ಬೆರೆತ ನೇರಳೆ, ಮೈತುಂಬ ರೋಮ.

ಹೂವಿನ ಬಣ್ಣಕ್ಕೆ ನಾನು "ತಿಳಿ ನೇರಳೆ" ಎಂದು ಬರೆದಿದ್ದೆ. ನಮ್ಮ ತಾಯಿ ನೋಡಿ, "ಬದನೆ ಹೂವಿಗಿಂತ ಒಂದು ನೆರಳು ಕಡಿಮೆ" ಎಂದರು. ಅವರ ಮಾತೇ ಹೆಚ್ಚು ನಿಖರವಾಗಿತ್ತು, ಆದರೆ ಅರ್ಜಿಯಲ್ಲಿ ಬದನೆಗೆ ಜಾಗವಿಲ್ಲ. ಬಣ್ಣದ ಪಟ್ಟಿ ತರಿಸಿ, ಬೆಳಗಿನ ಹೊತ್ತು ನೆರಳಿನಲ್ಲಿ ದಳ ಇಟ್ಟು ಹೋಲಿಸಿದೆ. ನಮ್ಮಲ್ಲಿ ಮುಂಗಾರಿನಲ್ಲಿ ಹೂ ಬಿಡುವ ಗಿಡ ಉತ್ತರದ ಬಯಲಿನ ಚಳಿಗಾಲದ ಗಿಡ್ಡ ಹಗಲಿನಲ್ಲಿ ಮೊಗ್ಗನ್ನೇ ಕಾಣಿಸದಿರಬಹುದು. ಅದಕ್ಕಾಗಿ ಯಾವ ಊರಿನಲ್ಲಿ, ಯಾವ ತಿಂಗಳಲ್ಲಿ ನೋಡಿದ್ದು ಎಂಬುದನ್ನು ಪ್ರತಿ ಪುಟದಲ್ಲೂ ಬರೆದಿಟ್ಟೆ.

ಆ ವರ್ಷ ಎಲೆಯ ಬಗ್ಗೆ ಬರೆದದ್ದನ್ನೆಲ್ಲ ಆಮೇಲೆ ಹರಿದು ಹಾಕಬೇಕಾಯಿತು. ಎಲೆಯಂಚು ಮೇಲಕ್ಕೆ ಸುರುಳಿಯಾಗುವುದು ತಳಿಯ ಗುಣವೆಂದುಕೊಂಡಿದ್ದೆ, ಅದು ಎಲೆ ಮುರುಟು ವೈರಸ್. ರೋಗಿಯ ಮುಖ ನೋಡಿ ಮನೆತನದ ಲಕ್ಷಣ ಬರೆದಂತಾಗಿತ್ತು. ಅಂಗಾಂಶ ಕೃಷಿಯಲ್ಲಿ ವೈರಸ್ ಬಿಡಿಸಿ, ಪರೀಕ್ಷೆ ಮಾಡಿಸಿದ ಗಿಡದಿಂದ ಮತ್ತೆ ಮೊದಲಿನಿಂದ ಬರೆದೆ. ಎರಡು ವರ್ಷ ಹೋಯಿತು.

ಅಷ್ಟರಲ್ಲಿ ದುಡುಕಿ ಒಂದು ಕೆಲಸ ಮಾಡಿದ್ದೆ. ಮನೆಗೆ ಹೆಚ್ಚಾದ ಆರು ಮೂಟೆಯನ್ನು ಹಾಸನದ ಮಂಡಿಗೆ ಹಾಕಿದ್ದೆ. ಪಲ್ಯಕ್ಕೆ ಮಾರಿದ್ದು, ಬಿತ್ತನೆಗಲ್ಲವಲ್ಲ ಎಂಬ ಧೈರ್ಯ. ಹೊಸ ತಳಿಯೆಂದು ರಕ್ಷಣೆ ಕೇಳುವುದಾದರೆ ಅರ್ಜಿಯ ದಿನಕ್ಕೆ ದೇಶದೊಳಗಿನ ಮೊದಲ ಮಾರಾಟವಾಗಿ ಒಂದು ವರ್ಷ ಮೀರಿರಬಾರದು. ಕಾಯ್ದೆ ಹೇಳುವ ಮಾರಾಟದಲ್ಲಿ ಬಿತ್ತನೆಯ ಜೊತೆಗೆ ಕೊಯ್ಲಿನ ಫಸಲೂ ಸೇರುತ್ತದೆ. ಇದು ತಿಳಿದ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಟ್ರಂಕಿನಲ್ಲಿ ಮಂಡಿಯ ಚೀಟಿ ಹುಡುಕಿದರೆ ಮಾರಿ ಎಂಟು ತಿಂಗಳಾಗಿತ್ತು. ಉಳಿದ ನಾಲ್ಕು ತಿಂಗಳಲ್ಲಿ ಅರ್ಜಿ ಹಾಕಿದೆ, ಚೀಟಿಯ ತಾರೀಖನ್ನು ಹಾಗೆಯೇ ನಮೂದಿಸಿದೆ. ಅದನ್ನು ಮುಚ್ಚಿಡಬೇಕೆಂದು ಸಲಹೆ ಕೊಟ್ಟವರೂ ಇದ್ದರು. ಪೆಪ್ಸಿಕೋ ಕಂಪನಿಯ ಚಿಪ್ಸ್ ಆಲೂಗೆಡ್ಡೆ ಎಫ್‌ಎಲ್ 2027 ತಳಿಯ ನೋಂದಣಿಯನ್ನು ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ರದ್ದು ಮಾಡಿದಾಗ ಮೊದಲ ಮಾರಾಟದ ತಾರೀಖು ತಪ್ಪಾಗಿದ್ದದ್ದೂ ವಾದದ ವಿಷಯವಾಗಿತ್ತು. 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ರದ್ದತಿಯನ್ನು ತಳ್ಳಿಹಾಕಿತು. ಅಷ್ಟು ವರ್ಷ ಕೋರ್ಟು ಅಲೆಯುವ ಶಕ್ತಿ ದೊಡ್ಡ ಕಂಪನಿಗಿರುತ್ತದೆ, ನನಗಿಲ್ಲ.

ಹೆಸರಿನದೇ ಒಂದು ಕಥೆ. ಹೊಲದಲ್ಲಿ ಎಲ್ಲರೂ ಅದನ್ನು ಕರೆಯುತ್ತಿದ್ದದ್ದು "ಹದಿನೇಳು" ಎಂದೇ. ಬರೀ ಅಂಕಿಯ ಹೆಸರು ನಡೆಯದು. ಹಾಸನ ಸೇರಿಸೋಣವೆಂದರೆ ಊರಿನ ಹೆಸರಿಗೆ ತಕರಾರು. ಹಾಸನಾಂಬೆಯ ಹೆಸರಿಡೋಣವೆಂದರೆ ಧಾರ್ಮಿಕ ಭಾವನೆಯ ಪ್ರಶ್ನೆ. ಕೊನೆಗೆ "ಕೆಂಬೆಳಗು" ಎಂದು ಬರೆದೆ. ಆ ಹೆಸರನ್ನು ಇಂದಿಗೂ ನನ್ನನ್ನು ಬಿಟ್ಟು ಯಾರೂ ಬಳಸುವುದಿಲ್ಲ.

ನೋಂದಣಿಯಾದರೆ ಹದಿನೈದು ವರ್ಷದ ಹಕ್ಕು: ಮೊದಲು ಆರು, ಆಮೇಲೆ ನವೀಕರಣ. "ಹಾಗಾದರೆ ನಾವು ಗೆಡ್ಡೆ ಎತ್ತಿಟ್ಟು ಮುಂದಿನ ವರ್ಷ ನೆಡುವಂತಿಲ್ಲವೇ?" ಎಂದು ಪಕ್ಕದ ಹೊಲದವರು ಮುಖ ಸಣ್ಣ ಮಾಡಿಕೊಂಡು ಕೇಳಿದರು. ನೆಡಬಹುದು, ಹಂಚಬಹುದು, ಮಾರಲೂಬಹುದು. 39ನೆಯ ಕಲಮು ರೈತನಿಗೆ ಅದನ್ನು ಉಳಿಸಿಕೊಟ್ಟಿದೆ. ಚೀಲದ ಮೇಲೆ ತಳಿಯ ಹೆಸರು ಹಾಕಿ ಬ್ರಾಂಡಿನ ಬಿತ್ತನೆಯಾಗಿ ಮಾರುವಂತಿಲ್ಲ, ಅಷ್ಟೇ. ಈ ಕಲಮು ಇಲ್ಲದಿದ್ದರೆ ನಾನು ಅರ್ಜಿಯನ್ನೇ ಹಾಕುತ್ತಿರಲಿಲ್ಲ. ನಾನೂ ಎತ್ತಿಟ್ಟ ಗೆಡ್ಡೆಯಿಂದಲೇ ಬದುಕಿದವನು.

ಕಳೆದ ತಿಂಗಳು ಅವರೇ ಮಂಡಿಯಿಂದ ಒಂದು ಕೆಂಪು ಗೆಡ್ಡೆ ಹಿಡಿದು ಬಂದರು. "ಅಣ್ಣಾ, ಯಾರೋ ಹೊಸ ತಳಿ ಎಂದು ಮಾರುತ್ತಿದ್ದಾರೆ. ಇದು ನಿಮ್ಮ ಹದಿನೇಳೇ ತಾನೇ?" ಸಿಪ್ಪೆ ಅದೇ, ಆಕಾರ ಅದೇ, ಕಣ್ಣುಗಳೂ ಅಷ್ಟೇ ಮೇಲ್ಮೇಲೆ. ಮೊದಲಾಗಿದ್ದರೆ ಹೌದೆಂದು ಜಗಳಕ್ಕೇ ಹೊರಡುತ್ತಿದ್ದೆ. ಗೆಡ್ಡೆಯನ್ನು ಪೆಟ್ಟಿಗೆಯಲ್ಲಿ ನನ್ನದರ ಪಕ್ಕಕ್ಕಿಟ್ಟು ಬಲ್ಬು ಹಾಕಿದೆ. "ಯುಗಾದಿ ಕಳೆದ ಮೇಲೆ ಬನ್ನಿ, ಹೇಳುತ್ತೇನೆ" ಎಂದೆ.