ಗೆಸ್ಟ್ ವೈಫೈ ಕನೆಕ್ಟ್ ಆಗುತ್ತದೆ, ಇಂಟರ್ನೆಟ್ ಬರುವುದಿಲ್ಲ: ದೋಷ ಹುಡುಕುವ ಕ್ರಮ

ತುಮಕೂರಿನ ಎಸ್.ಎಸ್. ಪುರಂ, ಬಟವಾಡಿ, ಕ್ಯಾತ್ಸಂದ್ರದಂಥ ಕಡೆಗಳಲ್ಲಿ ಕೆಳಗಡೆ ಮನೆ ಮಾಲೀಕರು, ಮಹಡಿಯ ಮೇಲೆ ಬಾಡಿಗೆಗೆ ಬಂದ ವಿದ್ಯಾರ್ಥಿಗಳು ಅಥವಾ ನೌಕರರು ವಾಸವಿರುವುದು ಸಾಮಾನ್ಯ. ಒಂದೇ ಫೈಬರ್ ಸಂಪರ್ಕವನ್ನು ಎರಡೂ ಮನೆಯವರು ಬಳಸುವುದಾದರೆ (ನಿಮ್ಮ ಪ್ಲಾನಿನ ಷರತ್ತು ಅದನ್ನು ಒಪ್ಪುತ್ತದೆಯೇ ಎಂದು ಮೊದಲೇ ನೋಡಿಕೊಳ್ಳಿ), ಟಿ.ವಿ., ಪ್ರಿಂಟರ್, ಸಿಸಿ ಕ್ಯಾಮೆರಾ ಎಲ್ಲವೂ ಇರುವ ಮುಖ್ಯ ವೈಫೈಯ ಪಾಸ್‌ವರ್ಡ್ ಕೊಡುವ ಬದಲು ರೂಟರಿನಲ್ಲೇ ಬೇರೆ ಹೆಸರಿನ ಎರಡನೆಯ ವೈಫೈಯನ್ನು, ಅಂದರೆ ಗೆಸ್ಟ್ ನೆಟ್‌ವರ್ಕನ್ನು, ತೆರೆದು ಕೊಡುವುದು ಒಳ್ಳೆಯದು. ತೆರೆಯುವುದು ಎರಡು ನಿಮಿಷದ ಕೆಲಸ. ಆದರೆ ಮೇಲಿನ ಮನೆಯವರ ಫೋನು ಅದಕ್ಕೆ ಸೇರಿಕೊಂಡ ಮೇಲೂ ‘ಇಂಟರ್ನೆಟ್ ಇಲ್ಲ’ ಎಂದು ತೋರಿಸಿದರೆ ಎಲ್ಲಿಂದ ಹುಡುಕಬೇಕೆಂಬುದು ಅನೇಕರಿಗೆ ತಿಳಿಯುವುದಿಲ್ಲ.

ಫೋನು ವೈಫೈಗೆ ಸೇರಿದ ಕೂಡಲೇ ಅಂತರ್ಜಾಲದಲ್ಲಿರುವ ಒಂದು ಗೊತ್ತಾದ ವಿಳಾಸವನ್ನು ತಾನಾಗಿಯೇ ಮುಟ್ಟಿ ನೋಡುತ್ತದೆ. ಉತ್ತರ ಬಾರದಿದ್ದರೆ ಈ ಸಂದೇಶವನ್ನು ತೋರಿಸುತ್ತದೆ. ಆದ್ದರಿಂದ ಸಂದೇಶ ಒಂದೇ ಆದರೂ ಅದರ ಹಿಂದೆ ಮೂರು ಬೇರೆ ಬೇರೆ ದೋಷಗಳಿರಬಹುದು: ಫೋನಿಗೆ ಸರಿಯಾದ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಸಿಕ್ಕಿಲ್ಲ, ವಿಳಾಸ ಸಿಕ್ಕಿದ್ದರೂ ಹೊರಗೆ ಹೋಗುವ ದಾರಿ ಇಲ್ಲ, ದಾರಿ ಇದ್ದರೂ ಜಾಲತಾಣದ ಹೆಸರನ್ನು ಐಪಿ ವಿಳಾಸವಾಗಿ ಬಿಡಿಸಿಕೊಡುವ ಡಿಎನ್‌ಎಸ್ ಸಿಗುತ್ತಿಲ್ಲ. ಈ ಮೂರರಲ್ಲಿ ಯಾವುದೆಂದು ಮೊದಲು ತಿಳಿದರೆ ಬ್ರೌಸರಿನಲ್ಲಿ ತೆರೆಯುವ ರೂಟರಿನ ಸೆಟ್ಟಿಂಗ್ ಪುಟದಲ್ಲಿ ಕಂಡಕಂಡ ಗುಂಡಿ ಒತ್ತುವ ಅಗತ್ಯ ಬೀಳುವುದಿಲ್ಲ. ಅದೇ ಹೊತ್ತಿನಲ್ಲಿ ಮುಖ್ಯ ವೈಫೈಯಲ್ಲಿ ಇಂಟರ್ನೆಟ್ ಸರಿಯಾಗಿ ಬರುತ್ತಿದ್ದರೆ ಫೈಬರ್ ಲೈನು, ಬಿಲ್ಲು, ಸೇವಾ ಸಂಸ್ಥೆಯ ಕಡೆಯ ಉಪಕರಣ ಇವೆಲ್ಲ ಸರಿಯಾಗಿವೆ ಎಂದೇ ಅರ್ಥ. ಲೈನ್ ಹಾಳಾಗಿದೆಯೆಂದು ದೂರು ಕೊಟ್ಟು ಲೈನ್‌ಮ್ಯಾನ್‌ಗಾಗಿ ಕಾಯುವುದರಿಂದ ಪ್ರಯೋಜನವಿಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯನ್ನು ಹೇಳಬೇಕು. ಫೈಬರ್ ಲೈನು ಬಂದು ಸೇರುವ ಮೋಡೆಮಿನ (ಹಲವು ಮನೆಗಳಲ್ಲಿ ರೂಟರೂ ಇದೇ ಪೆಟ್ಟಿಗೆ) ಹಿಂದಿರುವ ಚಿಕ್ಕ ರೀಸೆಟ್ ರಂಧ್ರಕ್ಕೆ ಪಿನ್ನು ಚುಚ್ಚಬೇಡಿ. ಸ್ವಿಚ್ ಆರಿಸಿ ಹಾಕುವುದು ಬೇರೆ, ರೀಸೆಟ್ ಮಾಡುವುದು ಬೇರೆ. ರೀಸೆಟ್ ಮಾಡಿದರೆ ಸಂಪರ್ಕ ಕೊಡುವಾಗ ಟೆಕ್ನಿಷಿಯನ್ ತುಂಬಿಸಿದ್ದ, ಸೇವಾ ಸಂಸ್ಥೆಯ ಜಾಲಕ್ಕೆ ಲಾಗಿನ್ ಆಗುವ ಪಿಪಿಪಿಓಇ ಬಳಕೆದಾರ ಹೆಸರು, ಪಾಸ್‌ವರ್ಡ್ ಮತ್ತು ಆ ಜಾಲದಲ್ಲಿ ಸಂಪರ್ಕವನ್ನು ಗುರುತಿಸುವ ವಿಲ್ಯಾನ್ ಸಂಖ್ಯೆ ಅಳಿಸಿಹೋಗಿ, ಅದುವರೆಗೆ ಸರಿಯಾಗಿದ್ದ ಮುಖ್ಯ ವೈಫೈಯೂ ನಿಂತುಹೋಗುವ ಸಂಭವವಿದೆ.

ಪರೀಕ್ಷೆಗೆ ಕೂರುವ ಮೊದಲು ಫೋನಿನ ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ವೈಫೈ ಕೈಕೊಟ್ಟಾಗ ಫೋನು ಸದ್ದಿಲ್ಲದೆ ಸಿಮ್‌ನ ಡೇಟಾ ಬಳಸಿ, ಎಲ್ಲ ಸರಿಹೋಯಿತೆಂಬ ಭ್ರಮೆ ಹುಟ್ಟಿಸುತ್ತದೆ. ವಿಪಿಎನ್ ಇದ್ದರೆ ನಿಲ್ಲಿಸಿ, ಆಂಡ್ರಾಯ್ಡ್‌ನ ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗನ್ನೂ ಆಫ್ ಮಾಡಿ, ಗೆಸ್ಟ್ ನೆಟ್‌ವರ್ಕನ್ನು ಫೋನಿನಿಂದ ಅಳಿಸಿ ಮತ್ತೆ ಸೇರಿಸಿ. ಕಡೇಪಕ್ಷ ಎರಡು ಸಾಧನಗಳಲ್ಲಿ ನೋಡಿ. ಒಂದರಲ್ಲಿ ಮಾತ್ರ ತೊಂದರೆಯಿದ್ದರೆ ಆ ಸಾಧನದಲ್ಲಿ ಐಪಿ ವಿಳಾಸವನ್ನು ಯಾರೋ ಕೈಯಿಂದ ತುಂಬಿಸಿರುವ ಸಾಧ್ಯತೆಯಿದೆ. ಹಾಗಿದ್ದರೆ ಅದನ್ನು ಡಿಎಚ್‌ಸಿಪಿಗೆ (ರೂಟರೇ ವಿಳಾಸ ಹಂಚುವ ವ್ಯವಸ್ಥೆಗೆ) ಬದಲಾಯಿಸಿ.

ಈಗ ವೈಫೈ ಸೆಟ್ಟಿಂಗ್ಸ್‌ನಲ್ಲಿ ಗೆಸ್ಟ್ ನೆಟ್‌ವರ್ಕಿನ ವಿವರ ತೆರೆದು ಐಪಿ ವಿಳಾಸ ನೋಡಿ. 169.254 ಎಂದು ಆರಂಭವಾಗುವ ವಿಳಾಸ ಕಂಡರೆ, ಅಥವಾ ವಿಳಾಸ ಪಡೆಯುತ್ತಿದೆ ಎಂಬಲ್ಲಿಯೇ ಫೋನು ನಿಂತುಬಿಟ್ಟರೆ, ರೂಟರು ವಿಳಾಸವನ್ನು ಹಂಚಲೇ ಇಲ್ಲವೆಂದು ತಿಳಿಯಬೇಕು. ಗೆಸ್ಟ್ ನೆಟ್‌ವರ್ಕಿಗೆ ಡಿಎಚ್‌ಸಿಪಿ ಆನ್ ಆಗಿದೆಯೇ, ಹಂಚಲು ಇಟ್ಟಿರುವ ವಿಳಾಸಗಳು ಮುಗಿದಿವೆಯೇ ಎಂದು ರೂಟರಿನ ಪುಟದಲ್ಲಿ ಪರಿಶೀಲಿಸಿ. ಹತ್ತು ವಿಳಾಸ ಮಾತ್ರ ಇಟ್ಟು 24 ಗಂಟೆಗಳ ಲೀಸ್ (ಒಂದು ವಿಳಾಸ ಒಂದು ಸಾಧನದ ಹೆಸರಿನಲ್ಲಿ ಉಳಿಯುವ ಅವಧಿ) ಕೊಟ್ಟಿದ್ದರೆ, ಹಬ್ಬಕ್ಕೆ ಬಂದುಹೋದ ನೆಂಟರ ಫೋನುಗಳೇ ಆ ವಿಳಾಸಗಳನ್ನು ಮರುದಿನದವರೆಗೆ ಹಿಡಿದಿಟ್ಟುಕೊಂಡಿರುತ್ತವೆ. ಸಂಖ್ಯೆಯನ್ನು ಐವತ್ತಕ್ಕೆ ಏರಿಸಿ ಲೀಸನ್ನು ಎರಡು ಗಂಟೆಗೆ ಇಳಿಸಿದರೆ ಈ ತೊಂದರೆ ತಪ್ಪುತ್ತದೆ.

192.168 ಅಥವಾ 10 ಎಂದು ಆರಂಭವಾಗುವ ವಿಳಾಸ ಸಿಕ್ಕಿದ್ದರೆ ಮುಂದಿನ ಹೆಜ್ಜೆಗೆ ಲ್ಯಾಪ್‌ಟಾಪ್ ಅನುಕೂಲ. ಅದನ್ನು ಗೆಸ್ಟ್ ವೈಫೈಗೆ ಸೇರಿಸಿ, ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8 ಎಂಬ ವಿಳಾಸಕ್ಕೆ ಪಿಂಗ್ ಮಾಡಿ (ping 8.8.8.8 ಎಂದು ಟೈಪ್ ಮಾಡಿ ಎಂಟರ್ ಒತ್ತಿ). ಉತ್ತರ ಬಂದರೆ ದಾರಿ ಸರಿಯಾಗಿದೆ, ದೋಷ ಬಹುಮಟ್ಟಿಗೆ ಡಿಎನ್‌ಎಸ್‌ನಲ್ಲಿದೆ. ಉತ್ತರ ಬಾರದಿದ್ದರೆ ದಾರಿಯೇ ಕಡಿದಿದೆ. ನಮ್ಮ ಕಡೆಯ ಫೈಬರ್ ಸಂಪರ್ಕಗಳಲ್ಲಿ ಆ ದಾರಿ ಕಡಿಯುವ ಒಂದು ಜಾಗವನ್ನು ಎಲ್ಲಕ್ಕಿಂತ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ಸೇವಾ ಸಂಸ್ಥೆ ಕೊಡುವ ಫೈಬರ್ ಮೋಡೆಮ್ ಸಾಮಾನ್ಯವಾಗಿ ನಾಲ್ಕು ಅಥವಾ ಅದಕ್ಕಿಂತ ಹೆಚ್ಚು ವೈಫೈ ಹೆಸರುಗಳನ್ನು ಬಿತ್ತರಿಸಬಲ್ಲದು. ಅವುಗಳನ್ನು ಎಸ್‌ಎಸ್‌ಐಡಿ 1, ಎಸ್‌ಎಸ್‌ಐಡಿ 2 ಎಂದು ಕರೆಯುತ್ತಾರೆ. ಹಲವು ಮಾದರಿಗಳಲ್ಲಿ, ಇಂಟರ್ನೆಟ್ ತರುವ ವ್ಯಾನ್ ಸಂಪರ್ಕದ ಪುಟದ ಕೆಳಭಾಗದಲ್ಲಿ ಆ ಸಂಪರ್ಕವನ್ನು ಯಾವ ಲ್ಯಾನ್ ಪೋರ್ಟುಗಳಿಗೆ (ಮನೆಯೊಳಗಿನ ಕೇಬಲ್ ಹಾಕುವ ಕಿಂಡಿಗಳಿಗೆ), ಯಾವ ಎಸ್‌ಎಸ್‌ಐಡಿಗಳಿಗೆ ಜೋಡಿಸಬೇಕೆಂದು ಕೇಳುವ ಚೌಕಗಳ ಸಾಲು ಇರುತ್ತದೆ. ಬೈಂಡಿಂಗ್ ಅಥವಾ ಪೋರ್ಟ್ ಮ್ಯಾಪಿಂಗ್ ಎಂಬ ಹೆಸರಿನಲ್ಲಿ ಕಾಣುವ ಈ ಸಾಲಿನಲ್ಲಿ ಟೆಕ್ನಿಷಿಯನ್ ಆ ದಿನ ಬಳಕೆಯಲ್ಲಿದ್ದ ಎಸ್‌ಎಸ್‌ಐಡಿ 1ಕ್ಕೆ ಮಾತ್ರ ಟಿಕ್ ಹಾಕಿ ಹೋಗಿದ್ದರೆ, ನೀವು ಆಮೇಲೆ ಎಸ್‌ಎಸ್‌ಐಡಿ 2ನ್ನು ಆನ್ ಮಾಡಿದಾಗ ಅದು ಹೆಸರು ತೋರಿಸುತ್ತದೆ, ಪಾಸ್‌ವರ್ಡ್ ಒಪ್ಪುತ್ತದೆ, ಐಪಿ ವಿಳಾಸವನ್ನೂ ಕೊಡುತ್ತದೆ. ಆದರೆ ಅಲ್ಲಿಂದ ಹೊರಟ ಡೇಟಾ ಯಾವ ವ್ಯಾನ್ ಸಂಪರ್ಕಕ್ಕೂ ಸೇರದೆ ಮೋಡೆಮಿನಲ್ಲೇ ನಿಂತುಹೋಗುತ್ತದೆ. ಕೆಲವೊಮ್ಮೆ ಎರಡನೆಯ ಎಸ್‌ಎಸ್‌ಐಡಿ ಲ್ಯಾಂಡ್‌ಲೈನ್ ಫೋನು ಅಥವಾ ಐಪಿಟಿವಿಗೆಂದು ಇಟ್ಟ ಇನ್ನೊಂದು ವ್ಯಾನ್ ಸಂಪರ್ಕಕ್ಕೆ ಅಂಟಿಕೊಂಡಿರುವುದೂ ಉಂಟು. ಅಲ್ಲಿಂದ ತೆಗೆದು ಇಂಟರ್ನೆಟ್ ಎಂದು ಹೆಸರಿರುವ ಸಂಪರ್ಕದ ಎದುರು ಟಿಕ್ ಹಾಕಿ, ಉಳಿಸಿ, ಮೋಡೆಮನ್ನು ಆರಿಸಿ ಹಾಕಬೇಕು. ಬದಲಾಯಿಸುವ ಮೊದಲು ಆ ಪುಟದ ಫೋಟೋ ತೆಗೆದಿಟ್ಟುಕೊಂಡರೆ ಹಿಂದಕ್ಕೆ ಬರುವುದು ಸುಲಭ.

ಇಷ್ಟು ಮಾಡಿಯೂ ಕೆಲವು ದಿನಗಳ ನಂತರ ಟಿಕ್ ತಾನಾಗಿಯೇ ಮಾಯವಾದರೆ ಆಶ್ಚರ್ಯಪಡಬೇಕಿಲ್ಲ. ಟಿಆರ್-069 ಎಂಬ ವ್ಯವಸ್ಥೆಯ ಮೂಲಕ ಸೇವಾ ಸಂಸ್ಥೆಗಳು ಮೋಡೆಮುಗಳನ್ನು ದೂರದಿಂದಲೇ ನಿರ್ವಹಿಸುತ್ತವೆ. ಅವರ ಕಡೆಯಿಂದ ಸೆಟ್ಟಿಂಗ್ ಮತ್ತೆ ಬಂದು ಕೂತಾಗ ನಿಮ್ಮ ಬದಲಾವಣೆ ಅಳಿಸಿಹೋಗುತ್ತದೆ. ಬೈಂಡಿಂಗ್ ಪುಟವೇ ನಿಮ್ಮ ಲಾಗಿನ್‌ಗೆ ಕಾಣದಿರುವುದೂ ಸಾಧ್ಯ. ಆಗ ಕೇಬಲ್ ಆಪರೇಟರಿಗೆ ಅಥವಾ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ನೆಟ್ ಬರುತ್ತಿಲ್ಲ’ ಎನ್ನುವ ಬದಲು ‘ಎಸ್‌ಎಸ್‌ಐಡಿ 2ನ್ನು ಇಂಟರ್ನೆಟ್ ವ್ಯಾನ್‌ಗೆ ಬೈಂಡ್ ಮಾಡಿಕೊಡಿ’ ಎಂದು ಕೇಳಿ. ಮೊದಲ ಮಾತಿಗೆ ಮೋಡೆಮ್ ಆರಿಸಿ ಹಾಕಿ ಎಂಬ ಸಲಹೆಯಷ್ಟೇ ದೊರೆಯುತ್ತದೆ.

ಮೋಡೆಮಿನ ಜೊತೆಗೆ ಅಂಗಡಿಯಿಂದ ತಂದ ಇನ್ನೊಂದು ರೂಟರ್ ಇರುವ ಮನೆಗಳಲ್ಲಿ ಬೇರೆ ರೀತಿಯಲ್ಲಿ ಯೋಚಿಸಬೇಕಾಗುತ್ತದೆ. ಮೋಡೆಮನ್ನು ಬ್ರಿಡ್ಜ್ ಮೋಡಿಗೆ (ತಾನು ಲಾಗಿನ್ ಆಗದೆ ಡೇಟಾವನ್ನು ದಾಟಿಸುವ ಸ್ಥಿತಿಗೆ) ಹಾಕಿ, ಪಿಪಿಪಿಓಇ ಲಾಗಿನ್ನನ್ನು ಹೊಸ ರೂಟರಿನಲ್ಲಿ ಮಾಡಿಸಿದ್ದರೆ, ಮೋಡೆಮಿನ ಸ್ವಂತ ವೈಫೈಗೆ ಇಂಟರ್ನೆಟ್ ಬರುವುದಿಲ್ಲ, ಏಕೆಂದರೆ ಲಾಗಿನ್ ಆಗಿರುವುದು ರೂಟರ್. ಎರಡನೆಯ ವೈಫೈ ಎಂದು ನೀವು ಕೊಟ್ಟಿರುವುದು ಮೋಡೆಮಿನದೇ ಆಗಿದ್ದರೆ ಅದನ್ನು ರಿಪೇರಿ ಮಾಡುವ ಪ್ರಶ್ನೆಯೇ ಇಲ್ಲ. ಅದನ್ನು ಆಫ್ ಮಾಡಿ, ಗೆಸ್ಟ್ ನೆಟ್‌ವರ್ಕನ್ನು ಹೊಸ ರೂಟರಿನಲ್ಲಿ ತೆರೆಯಿರಿ. ಇದಕ್ಕೆ ವಿರುದ್ಧವಾಗಿ ಹೊಸ ರೂಟರ್ ಬರೀ ವೈಫೈ ಬಿತ್ತರಿಸುವ ಆಕ್ಸೆಸ್ ಪಾಯಿಂಟ್ ಮೋಡಿನಲ್ಲಿದ್ದರೆ ವಿಳಾಸ ಹಂಚುವುದೂ ಹೊರಗೆ ಕಳಿಸುವುದೂ ಮೋಡೆಮಿನ ಕೆಲಸ. ಗೆಸ್ಟ್ ಬಳಕೆದಾರರು ಮನೆಯೊಳಗಿನ ಸಾಧನಗಳನ್ನು ಮುಟ್ಟದಂತೆ ರೂಟರ್ ತಡೆಯುವಾಗ, ಮನೆಯೊಳಗಿನ ವಿಳಾಸವನ್ನೇ ಹೊಂದಿರುವ ಮೋಡೆಮನ್ನೂ ಕೆಲವು ಮಾದರಿಗಳು ತಡೆದುಬಿಡುತ್ತವೆ. ಅಂಥ ಮನೆಯಲ್ಲಿ ರೂಟರನ್ನು ಮತ್ತೆ ರೂಟರ್ ಮೋಡಿಗೆ ತಂದು, ಮೋಡೆಮಿನಿಂದ ಬರುವ ಕೇಬಲನ್ನು ಅದರ ವ್ಯಾನ್ ಪೋರ್ಟಿಗೆ ಹಾಕುವುದು ಸುಲಭದ ದಾರಿ. ಹೀಗೆ ಮಾಡುವಾಗ ಎರಡು ಕಡೆಯ ವಿಳಾಸ ಶ್ರೇಣಿ ಒಂದೇ ಆಗಬಾರದು: ಮೋಡೆಮ್ 192.168.1.1 ಆಗಿದ್ದು ಗೆಸ್ಟ್ ನೆಟ್‌ವರ್ಕಿಗೂ 192.168.1 ಶ್ರೇಣಿಯೇ ಬಂದಿದ್ದರೆ, ಹೊರಗೆ ಹೋಗಬೇಕಾದದ್ದನ್ನು ಯಾವ ಕಡೆ ಕಳಿಸಬೇಕೆಂಬುದು ರೂಟರಿಗೆ ತಿಳಿಯುವುದಿಲ್ಲ. ಗೆಸ್ಟ್ ಶ್ರೇಣಿಯನ್ನು 192.168.50 ಎಂದು ಬದಲಾಯಿಸಿ. ರೂಟರಿನಲ್ಲೊಮ್ಮೆ, ಮೋಡೆಮಿನಲ್ಲೊಮ್ಮೆ, ಹೀಗೆ ಡೇಟಾದ ವಿಳಾಸ ಎರಡು ಬಾರಿ ಬದಲಾಗುವ ಈ ಜೋಡಣೆಯಿಂದ ಯೂಟ್ಯೂಬಿಗೋ ವಾಟ್ಸಾಪಿಗೋ ಅಡ್ಡಿಯಿಲ್ಲ. ಹೊರಗಿನಿಂದ ಬರುವ ಸಂಪರ್ಕವನ್ನು ಒಳಗಿನ ಸಾಧನಕ್ಕೆ ದಾಟಿಸುವ ಪೋರ್ಟ್ ಫಾರ್ವರ್ಡಿಂಗ್ ಮೇಲೆ ನಿಂತ ಹಳೆಯ ಕ್ಯಾಮೆರಾ ಡಿವಿಆರ್‌ಗಳಿಗೆ (ರೆಕಾರ್ಡರುಗಳಿಗೆ) ಮಾತ್ರ ತೊಂದರೆಯಾಗಬಹುದು.

ಪಿಂಗಿಗೆ ಉತ್ತರ ಬಂದು ಪುಟಗಳು ಮಾತ್ರ ತೆರೆಯದಿದ್ದರೆ ಗೆಸ್ಟ್ ನೆಟ್‌ವರ್ಕಿನ ಡಿಎಚ್‌ಸಿಪಿ ಯಾವ ಡಿಎನ್‌ಎಸ್ ವಿಳಾಸ ಕೊಡುತ್ತಿದೆ ನೋಡಿ. ಅದು ಮುಖ್ಯ ನೆಟ್‌ವರ್ಕಿನೊಳಗಿನ ವಿಳಾಸವಾಗಿದ್ದರೆ ಅತಿಥಿಗಳನ್ನು ಬೇರೆಯಿಡುವ ತಡೆಗೋಡೆಯೇ ಡಿಎನ್‌ಎಸ್‌ಗೆ ಹೋಗುವ ಪ್ರಶ್ನೆಗಳನ್ನೂ ತಡೆಯುತ್ತಿರಬಹುದು. ಅಲ್ಲಿ ಸಾರ್ವಜನಿಕ ಡಿಎನ್‌ಎಸ್ ವಿಳಾಸಗಳಾದ 8.8.8.8 ಮತ್ತು 1.1.1.1 ಎಂದು ತುಂಬಿ, ಫೋನನ್ನು ಒಮ್ಮೆ ಬಿಡಿಸಿ ಸೇರಿಸಿ.

ಉಳಿದವು ಸಣ್ಣವು, ಆದರೂ ಕಾಡುತ್ತವೆ. ಗೆಸ್ಟ್ ವೇಗದ ಮಿತಿಯ ಅಂಕಣ ಕೆಬಿಪಿಎಸ್‌ನಲ್ಲಿರುವಾಗ 10 ಎಂಬಿಪಿಎಸ್ ಎಂದುಕೊಂಡು ಬರೀ 10 ಎಂದು ತುಂಬಿದರೆ ಇಂಟರ್ನೆಟ್ ಇದ್ದೂ ಇಲ್ಲದಂತೆಯೇ; ಅಲ್ಲಿ 10000 ಬೇಕು. ಸಮಯದ ನಿರ್ಬಂಧ ಹಾಕಿದ್ದರೆ ರೂಟರಿನ ಗಡಿಯಾರ ನೋಡಿ. ಸಮಯ ವಲಯ ಜಿಎಂಟಿಯಲ್ಲೇ ಉಳಿದಿದ್ದರೆ ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ಬೆಳಗ್ಗೆ 6ಕ್ಕೆ ತೆರೆಯಬೇಕಾದ ಇಂಟರ್ನೆಟ್ 11.30ಕ್ಕೆ ತೆರೆಯುತ್ತದೆ. ಕರೆಂಟ್ ಹೋಗಿ ಬಂದ ನಂತರ ಮಾತ್ರ ತೊಂದರೆ ಕಾಣುವುದಾದರೆ ಮೊದಲು ಮೋಡೆಮ್ ಹಾಕಿ, ಅದರ ಮೇಲಿನ ಪಾನ್ (PON) ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ, ಕೆಂಪು ಲಾಸ್ (LOS) ದೀಪ ಆರಿದ ಮೇಲೆ ರೂಟರಿನ ಸ್ವಿಚ್ ಹಾಕಿ.

ಇಂಟರ್ನೆಟ್ ಬಂದ ಮೇಲೆ ಇನ್ನೊಂದು ಪರೀಕ್ಷೆ ಬಾಕಿಯಿದೆ. ಗೆಸ್ಟ್ ವೈಫೈಯಲ್ಲಿರುವ ಫೋನಿನ ಬ್ರೌಸರಿನಲ್ಲಿ ಮುಖ್ಯ ನೆಟ್‌ವರ್ಕಿನ ರೂಟರ್ ವಿಳಾಸವನ್ನೂ ಮನೆಯ ಡಿವಿಆರ್‌ನ ವಿಳಾಸವನ್ನೂ ಟೈಪ್ ಮಾಡಿ ನೋಡಿ, ಎರಡೂ ತೆರೆಯಬಾರದು. ತೆರೆದರೆ, ಸರಿಮಾಡುವ ಗಡಿಬಿಡಿಯಲ್ಲಿ ಪ್ರತ್ಯೇಕತೆಯ ಸೆಟ್ಟಿಂಗ್ ಆಫ್ ಆಗಿದೆ. ಅದನ್ನು ಮತ್ತೆ ಆನ್ ಮಾಡಿ, ಇಂಟರ್ನೆಟ್ ಉಳಿದಿದೆಯೇ ಎಂದು ನೋಡಿದ ಮೇಲಷ್ಟೇ ಮೇಲಿನ ಮನೆಯವರಿಗೆ ಪಾಸ್‌ವರ್ಡ್ ಕಳಿಸಿ.