ತಿಮ್ಮಯ್ಯನವರ ರಾಜೀನಾಮೆ ಪತ್ರವನ್ನು ಹುಡುಗರಿಂದ ಬರೆಸಿದೆ: ನನ್ನ ಅನುಭವ

"ಸೇನೆಯ ಮುಖ್ಯಸ್ಥರು ಸರ್ಕಾರದ ವಿರುದ್ಧ ಬಹಿರಂಗವಾಗಿ ಮಾತಾಡಬಹುದಾ?" ಸೇನಾ ಅಧಿಕಾರಿಗಳನ್ನು ಆರಿಸುವ ಎಸ್‌ಎಸ್‌ಬಿ ಪರೀಕ್ಷೆಗೆ ತಯಾರಿ ಕೊಡುವ ನಮಗೆಲ್ಲ ಗೊತ್ತಿರುವ ಜಿಡಿ (ಗುಂಪು ಚರ್ಚೆ) ವಿಷಯ. ಅರ್ಧ ಜನ ಶಿಸ್ತು ಅಂತಾರೆ, ಅರ್ಧ ಜನ ಆತ್ಮಸಾಕ್ಷಿ ಅಂತಾರೆ. ಐದು ನಿಮಿಷಕ್ಕೆ ಮಾತು ಖಾಲಿ.

ಮೊದಲ ಎರಡು ವರ್ಷ ನಾನೂ ಪಾಯಿಂಟ್ಸ್ ಕೊಟ್ಟೆ. ಪತ್ರಿಕೆಗಳ ಜೊತೆ ಮಾತಾಡುವುದಕ್ಕೆ ತಡೆ ಹಾಕುವ ಆರ್ಮಿ ರೂಲ್ಸ್ 21 ಸೇರಿಸಿ. ಪ್ರಿಂಟಿಗೇ ಸುಮಾರು ಎಂಟು ಸಾವಿರ ಹೋಯಿತು. ಹುಡುಗರು ಬಾಯಿಪಾಠ ಒಪ್ಪಿಸಿದರು, ಅಷ್ಟೇ.

ಆಮೇಲೆ ಪತ್ರ ಬರೆಸಲು ಶುರು ಮಾಡಿದೆ. 1959ರ ಆಗಸ್ಟ್ 31. ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಜಗಳ ಹೆಚ್ಚಾಗಿ ಆಗಿನ ಸೇನಾ ಮುಖ್ಯಸ್ಥ, ನಮ್ಮ ಮಡಿಕೇರಿಯ ಜನರಲ್ ತಿಮ್ಮಯ್ಯ ರಾಜೀನಾಮೆ ಕೊಟ್ಟರು. ನೆಹರೂ ಒಪ್ಪಿಸಿದ ಮೇಲೆ ವಾಪಸ್ ತೆಗೆದುಕೊಂಡರು. ಸುದ್ದಿ ಹೊರಬಿತ್ತು. ಸೆಪ್ಟೆಂಬರ್ 2ರಂದು ನೆಹರೂ ಸಂಸತ್ತಿನಲ್ಲಿ ತಿಮ್ಮಯ್ಯನವರನ್ನೇ ಟೀಕಿಸಿ, ಚುನಾಯಿತ ಸರ್ಕಾರದ ಮಾತೇ ಕೊನೆ ಅಂದರು.

ಹುಡುಗರು ಬರೆಯಬೇಕಾದದ್ದು ಮೂರು ಪತ್ರ: ರಾಜೀನಾಮೆ, ನೆಹರೂ ಉತ್ತರ, ವಾಪಸಾತಿ. ಮೊದಲ ಸಲ ಪೂರ್ತಿ ಸೋತೆ, ಬರೀ ಸಿನಿಮಾ ಡೈಲಾಗ್ ಬಂತು. "ಎಸ್‌ಎಸ್‌ಬಿಗೆ ಇತಿಹಾಸದ ಪಾಠ ಯಾಕೆ ಸರ್?" ಅಂತ ಜೊತೆಯವರು ಕೇಳಿದರು. ಆರು ಜನ ಬೇರೆ ಕಡೆ ಸೇರಿದರು, ಎಪ್ಪತ್ತು ಸಾವಿರದಷ್ಟು ಫೀಸು ಹೋಯಿತು. ಎರಡನೇ ಸಲ ಒಂದೇ ಪುಟ ಅಂತ ಮಿತಿ ಹಾಕಿದೆ. ಎರಡನೇ ಮತ್ತು ಮೂರನೇ ಪತ್ರದ ನಡುವೆ ಹುಡುಗರಿಗೆ ಒಂದು ಕೆಲಸ ಕೊಡುತ್ತೇನೆ. ಅದು ನನ್ನ ಹತ್ತಿರವೇ ಇರಲಿ.

ನಡುವೆ ಶಿನ್ಸೆಕಿ ಪ್ರಸಂಗವನ್ನೂ ಹಾಕಿ ನೋಡಿದೆ. 2003ರಲ್ಲಿ ಇರಾಕ್‌ಗೆ ಎಷ್ಟು ಸೈನಿಕರು ಬೇಕು ಅಂತ ಅಮೆರಿಕದ ಸೆನೆಟ್ ಸಮಿತಿ ಕೇಳಿತು. ಸೇನಾ ಮುಖ್ಯಸ್ಥ ಶಿನ್ಸೆಕಿ "ಹಲವು ಲಕ್ಷ" ಅಂದರು. ರಕ್ಷಣಾ ಇಲಾಖೆಯ ದೊಡ್ಡವರು ಅದನ್ನು ಬಹಿರಂಗವಾಗಿಯೇ ತಳ್ಳಿಹಾಕಿದರು. ಕೇಳಿದ ಜಾಗದಲ್ಲಿ, ಕೇಳಿದವರಿಗೆ ನಿಜ ಹೇಳುವುದು ಬಂಡಾಯ ಅಲ್ಲ, ಅದೇ ಕರ್ತವ್ಯ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಒಂದಿಡೀ ಸಂಜೆ ವಾದ ನಡೆಯಿತು.

ಹಿಂದೆ ಬ್ಯಾಚಿಗೆ ಒಬ್ಬರೋ ಇಬ್ಬರೋ ರೆಕಮೆಂಡ್ ಆಗುತ್ತಿದ್ದರು, ಅಂದರೆ ಎಸ್‌ಎಸ್‌ಬಿ ಪಾಸಾಗುತ್ತಿದ್ದರು. ಹೋದ ಸಲ ಇಪ್ಪತ್ತೆರಡರಲ್ಲಿ ಐದು! ಬಿಟ್ಟು ಹೋದವರಲ್ಲಿ ಇಬ್ಬರು ವಾಪಸ್ ಬಂದರು.

ಮೂರನೇ ಪತ್ರದಲ್ಲಿ ಎಲ್ಲರ ಪೆನ್ನೂ ನಿಲ್ಲುತ್ತದೆ. ಒಬ್ಬ ಹುಡುಗಿ ಕೇಳಿದಳು: "ವಾಪಸ್ ತಗೊಂಡ ಮೇಲೆ ಮಾರನೇ ದಿನ ಆಫೀಸಿಗೆ ಹೋಗಿ ಏನು ಹೇಳೋದು ಸರ್?" ತಿಮ್ಮಯ್ಯ 1961ರವರೆಗೆ ಅದೇ ಕುರ್ಚಿಯಲ್ಲಿದ್ದರು, ಅಲ್ವಾ? ಹಾಗಾಗಿ ಈ ಬ್ಯಾಚಿನಿಂದ ನಾಲ್ಕನೇ ಪತ್ರ ಸೇರಿಸಿದ್ದೇನೆ, ಅವರು ಕೆಳಗಿನ ಅಧಿಕಾರಿಗಳಿಗೆ ಬರೆಯುವಂಥದ್ದು. ಅದಕ್ಕೆ ಅರ್ಧ ಗಂಟೆ ಜಾಸ್ತಿ ಬೇಕು.