ಹಳೆಯ ಗೋರಿಗಲ್ಲು ಓದಿ, ಫ್ರೀಮೇಸನ್ ಲಾಡ್ಜ್ ಸದಸ್ಯರನ್ನು ಗುರುತಿಸುವ ಬಗೆ

ಧಾರವಾಡಕ್ಕೆ ಬಾಸೆಲ್ ಮಿಶನ್ ಬಂದದ್ದು 1837ರಲ್ಲಿ, ಹುಬ್ಬಳ್ಳಿಗೆ 1839ರಲ್ಲಿ. ಆ ಕಾಲದ ಹಾಗೂ ಆಮೇಲಿನ ರೈಲ್ವೆ ಕಾಲದ ಗೋರಿಗಳ ಬರಹ ಸವೆಯುವ ಮೊದಲೇ ದಾಖಲಾಗಬೇಕು.

ಚರ್ಚ್ ಸಮಿತಿಯ ಅನುಮತಿ ಪಡೆದು, ಹುಲ್ಲು ಒಣಗಿದ ಮೇಲೆ ಹೋಗಿ. ಹಾವಿನ ಭಯವಿರುತ್ತದೆ, ಬೂಟು ಬೇಕೇ ಬೇಕು. ಗೇಟಿನಿಂದ ಸಾಲು ಹಿಡಿದು ನಕ್ಷೆ ಬರೆದು ಸಂಖ್ಯೆ ಕೊಡಿ. ಕಲ್ಲಿನ ಮೇಲೆ ಬಣ್ಣ ಹಚ್ಚಬೇಡಿ.

ಸ್ವಚ್ಛಗೊಳಿಸಲು ಬರೀ ನೀರು, ಮೆತ್ತನೆಯ ಬ್ರಷ್ ಸಾಕು. ಆಸಿಡ್, ಬ್ಲೀಚಿಂಗ್ ಪೌಡರ್, ತಂತಿ ಬ್ರಷ್ ಅಕ್ಷರವನ್ನೇ ತಿನ್ನುತ್ತವೆ. ಪದರು ಏಳುತ್ತಿರುವ ಕಲ್ಲನ್ನು ಮುಟ್ಟಲೇಬೇಡಿ. ಬರಹ ಕಾಣದಿದ್ದರೆ ಸುಣ್ಣದ ಕಡ್ಡಿ ಉಜ್ಜುವ ಬದಲು ಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ, ಕಲ್ಲಿಗೆ ತಾಗುವಂತೆ ಓರೆಯಾಗಿ ಹಾಯಿಸಿ. ಅಕ್ಷರದ ತಗ್ಗಿನಲ್ಲಿ ನೆರಳು ಬಿದ್ದು ಓದಲು ಬರುತ್ತದೆ. ಕಾಗುಣಿತದ ತಪ್ಪನ್ನೂ ಸೇರಿಸಿ ಸಾಲುಸಾಲಾಗಿ ಇದ್ದಂತೆಯೇ ಇಳಿಸಿಕೊಳ್ಳಿ. ಹೆಚ್ಚಿನ ಎಡವಟ್ಟು ಆಗುವುದು 1–7, 3–8 ಅಂಕಿಗಳಲ್ಲಿ. ಹುಟ್ಟಿದ ವರ್ಷ, ಸತ್ತ ವರ್ಷ, ವಯಸ್ಸು ಮೂರೂ ಇದ್ದರೆ ಲೆಕ್ಕ ಹಾಕಿ ತಾಳೆ ನೋಡಿ.

ಕೈವಾರ, ಮೂಲೆಮಟ್ಟ ಎರಡನ್ನೂ ಹೆಣೆದು ಕೆತ್ತಿದ್ದರೆ ಸತ್ತವರು ಫ್ರೀಮೇಸನ್ (ಲಾಡ್ಜ್ ಎಂಬ ಶಾಖೆಗಳಿರುವ ಸೋದರ ಸಂಘದ ಸದಸ್ಯ) ಆಗಿದ್ದರೆಂದೇ ಹೆಚ್ಚಿನ ಮಟ್ಟಿಗೆ ಅರ್ಥ. ಆಗ ಈ ಶಾಖೆಗಳ ಮುಖ್ಯ ಸಂಸ್ಥೆಯಾದ ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜಿನ 1751–1921ರ ಸದಸ್ಯರ ರಿಜಿಸ್ಟರಿನಲ್ಲಿ ಹೆಸರು ಹುಡುಕಿ. ಸೇರಿದ ದಿನಾಂಕ, ಉದ್ಯೋಗ ಸಿಗಬಹುದು. ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು, ಹೀಗಾಗಿ ಬ್ರಿಟಿಷರ ಸಮಾಧಿ ದಾಖಲೆಗೆ ಬ್ರಿಟಿಷ್ ಲೈಬ್ರರಿಯ ಎನ್/3 ಸರಣಿ ನೋಡಿ. ಮದ್ರಾಸಿನದು ಎನ್/2, ಅಲ್ಲಿ ಹುಡುಕಿ ಫಲವಿಲ್ಲ.

ಬಿರುಕಿಗೆ ಸಿಮೆಂಟ್ ತುಂಬಿಸಬೇಡಿ. ತೇವ ಒಳಗೇ ಉಳಿದು, ಉಪ್ಪು ಕಟ್ಟಿ ಕಲ್ಲು ಸಿಡಿಯುತ್ತದೆ. ಸುಣ್ಣದ ಗಾರೆಯೇ ಸರಿ.